ಸ್ಪ್ಲಿಟ್‌ನಿಂದ ಡುಬ್ರೋವ್ನಿಕ್: ಕಾರು ಬೇಕಾಗೋದು ಮಧ್ಯದ ಆರು ದಿನಕ್ಕೆ ಮಾತ್ರ

ಪ್ರಶ್ನೆ: ನಾನು ಬೆಂಗಳೂರಲ್ಲಿರೋದು, ಕಾಲೇಜ್ ಫ್ರೆಂಡ್ ಒಬ್ಬ ಮ್ಯೂನಿಕ್‌ನಲ್ಲಿ ಕೆಲಸ ಮಾಡ್ತಾನೆ. ಸೆಪ್ಟೆಂಬರ್‌ನಲ್ಲಿ ಇಬ್ಬರೂ ಸೇರಿ ಕ್ರೊಯೇಷಿಯಾದಲ್ಲಿ ಕಾರ್ ತಗೊಂಡು ಸಮುದ್ರದ ಪಕ್ಕದಲ್ಲೇ ಸ್ಪ್ಲಿಟ್‌ನಿಂದ ಡುಬ್ರೋವ್ನಿಕ್ ತನಕ ಹೋಗೋಣ ಅಂತಿದ್ದೀವಿ, ಒಟ್ಟು ಹತ್ತು ದಿನ. ಹಾಗೇ ಬೋಸ್ನಿಯಾದ ಮೋಸ್ತಾರ್, ಮಾಂಟೆನೆಗ್ರೋದ ಕೋಟೋರ್ ಕೂಡ ಸೇರಿಸ್ಬೇಕು ಅಂತ ಆಸೆ. ಟ್ರಿಪ್‌ಗೆ ಮುಂಚೆ ಮ್ಯೂನಿಕ್‌ನಲ್ಲಿ ನಾಲ್ಕು ದಿನ ಅವನ ಮನೇಲಿರ್ತೀನಿ. ಅವನ ಹತ್ರ ಜರ್ಮನ್ ಲೈಸೆನ್ಸ್ ಇದೆ, ನನ್ನದು ಇಲ್ಲಿಂದು, ರಸ್ತೆ ಬಲಗಡೆ ಯಾವತ್ತೂ ಓಡಿಸಿಲ್ಲ. ನಾನು ವೆಜ್, ಅವನು ಎಲ್ಲಾ ತಿಂತಾನೆ. ಎಲ್ಲಿಂದ ಶುರು ಮಾಡ್ಬೇಕು?

ಉತ್ತರ: ವೀಸಾದಿಂದ ಶುರು ಮಾಡಿ, ಹೋಟೆಲ್‌ನಿಂದ ಅಲ್ಲ. ಎಲ್ರೂ ಮ್ಯಾಪ್ ತೆಗೆದು ಊರುಗಳಿಗೆ ಪಿನ್ ಹಾಕೋದ್ರಿಂದ ಶುರು ಮಾಡ್ತಾರೆ, ಆದ್ರೆ ನಿಮ್ಮ ಕೇಸಲ್ಲಿ ರೂಟ್ ನಿರ್ಧಾರ ಆಗೋದೇ ಪಾಸ್‌ಪೋರ್ಟ್‌ನಲ್ಲಿ ಬೀಳೋ ಸ್ಟಿಕರ್ ಮೇಲೆ.

ಕ್ರೊಯೇಷಿಯಾ 2023ರ ಜನವರಿ 1ಕ್ಕೆ ಷೆಂಗೆನ್ (ಯೂರೋಪಿನ ಹಲವು ದೇಶಕ್ಕೆ ಒಂದೇ ವೀಸಾ ನಡೆಯೋ ವಲಯ) ಒಳಗೆ ಬಂತು, ಅವತ್ತೇ ಯೂರೋ ಕೂಡ ಬಂತು. ಅಂದ್ರೆ ಮ್ಯೂನಿಕ್‌ಗೂ ಸ್ಪ್ಲಿಟ್‌ಗೂ ಒಂದೇ ವೀಸಾ ಸಾಕು. ಆದ್ರೆ ಅರ್ಜಿ ಹಾಕ್ಬೇಕಾಗಿರೋದು ಕ್ರೊಯೇಷಿಯಾಗೆ, ಜರ್ಮನಿಗಲ್ಲ, ಇದನ್ನ ಗಟ್ಟಿಯಾಗಿ ನೆನಪಿಟ್ಕೊಳ್ಳಿ, ಯಾಕಂದ್ರೆ ಫ್ರೆಂಡ್ ಜರ್ಮನಿಯಲ್ಲಿದ್ದಾನೆ, ಇನ್ವಿಟೇಶನ್ ಲೆಟರ್ ಅವನೇ ಕೊಡ್ತಾನೆ, ಫ್ಲೈಟೂ ಅಲ್ಲೇ ಇಳಿಯುತ್ತೆ ಅಂತ ಜರ್ಮನಿಗೆ ಹಾಕೋರು ಜಾಸ್ತಿ. ರೂಲ್ ಏನಂದ್ರೆ ಯಾವ ದೇಶದಲ್ಲಿ ಜಾಸ್ತಿ ದಿನ ಇರ್ತೀರೋ ಆ ದೇಶಕ್ಕೆ, ಎರಡೂ ಕಡೆ ಸಮ ಆದ್ರೆ ಮಾತ್ರ ಮೊದಲು ಕಾಲಿಡೋ ದೇಶಕ್ಕೆ. ನಿಮ್ಮದು ನಾಲ್ಕು ದಿನ ಅಲ್ಲಿ, ಹತ್ತು ದಿನ ಇಲ್ಲಿ, ಲೆಕ್ಕ ಕ್ಲಿಯರ್ ಆಗಿದೆ. ಫೀಸ್ 2024ರ ಜೂನ್‌ನಿಂದ 90 ಯೂರೋ, ಅದರ ಮೇಲೆ ಅರ್ಜಿ ತಗೊಳ್ಳೋ ವೀಸಾ ಸೆಂಟರ್‌ನವರ ಸರ್ವಿಸ್ ಚಾರ್ಜ್. ಇನ್ಶೂರೆನ್ಸ್ ಕನಿಷ್ಠ 30,000 ಯೂರೋ ಕವರ್ ಇರ್ಬೇಕು. ಆರು ತಿಂಗಳು ಮುಂಚೇನೇ ಅರ್ಜಿ ಹಾಕ್ಬಹುದು, ಸೆಪ್ಟೆಂಬರ್ ಟ್ರಿಪ್‌ಗೆ ಜುಲೈ ಕೊನೆ ತನಕ ಕಾಯ್ಕೊಂಡು ಕೂತ್ರೆ ಅಪಾಯಿಂಟ್‌ಮೆಂಟ್ ಸಿಗದೆ ಪರದಾಡ್ತೀರಿ.

ಈಗ ಮೋಸ್ತಾರ್, ಕೋಟೋರ್ ವಿಷಯ. ಬೋಸ್ನಿಯಾನೂ ಮಾಂಟೆನೆಗ್ರೋನೂ ಷೆಂಗೆನ್ ಹೊರಗಿವೆ. ಮಲ್ಟಿಪಲ್ ಎಂಟ್ರಿ, ಅಂದ್ರೆ ಹೊರಗೆ ಹೋಗಿ ಮತ್ತೆ ಒಳಗೆ ಬರೋಕೆ ಬಿಡೋ ಷೆಂಗೆನ್ ವೀಸಾ ಇದ್ರೆ ಎರಡಕ್ಕೂ ಬೇರೆ ವೀಸಾ ಬೇಡ, 30 ದಿನದ ತನಕ ಹಾಗೇ ಬಿಡ್ತಾರೆ. ಸಿಂಗಲ್ ಎಂಟ್ರಿ ಆಗಿದ್ರೆ ಕಥೆನೇ ಬೇರೆ, ಒಂದ್ಸಲ ಆ ಗೇಟ್ ದಾಟಿದ್ರೆ ನಿಮ್ಮ ವೀಸಾ ಅಲ್ಲಿಗೆ ಮುಗೀತು, ವಾಪಸ್ ಕ್ರೊಯೇಷಿಯಾ ಒಳಗೆ ಬಿಡಲ್ಲ, ಲಗೇಜ್ ಡುಬ್ರೋವ್ನಿಕ್ ರೂಮಲ್ಲಿ, ನೀವು ಬಾರ್ಡರ್ ಆಚೆ. ನಿಮ್ಮ ಫ್ರೆಂಡ್‌ಗೆ ಜರ್ಮನ್ ರೆಸಿಡೆನ್ಸ್ ಪರ್ಮಿಟ್ ಇರೋದ್ರಿಂದ ಅವನಿಗೆ ಈ ತಲೆನೋವೇ ಇಲ್ಲ, ಅದಕ್ಕೇ ಅವನು 'ಏ ಏನಾಗಲ್ಲ ಬಾರೋ' ಅಂತಾನೆ, ನಂಬ್ಬೇಡಿ. ಫಾರ್ಮ್‌ನಲ್ಲಿ ಮಲ್ಟಿಪಲ್ ಅಂತ ಟಿಕ್ ಮಾಡಿ, ಕವರ್ ಲೆಟರ್‌ನಲ್ಲಿ ಯಾವ ತಾರೀಕು ಕೋಟೋರ್‌ಗೆ ಹೋಗ್ತೀರಿ ಅಂತ ಬರೀರಿ. ಕಳೆದ ಮೂರು ವರ್ಷದಲ್ಲಿ ಎರಡು ಷೆಂಗೆನ್ ವೀಸಾ ತಗೊಂಡು ಸರಿಯಾಗಿ ಬಳಸಿದ್ರೆ, 2024ರಲ್ಲಿ ಭಾರತೀಯರಿಗೆ ಅಂತ ಬಂದ ರೂಲ್ ಪ್ರಕಾರ ಎರಡು ವರ್ಷದ ಮಲ್ಟಿಪಲ್ ಎಂಟ್ರಿ ಸಿಗೋ ದಾರಿ ಇದೆ. ಮೊದಲನೇ ಸಲ ಅಂದ್ರೆ ಸಿಂಗಲ್ ಬರಬಹುದು ಅಂತಲೇ ಪ್ಲಾನ್ ಮಾಡಿ.

ಇಲ್ಲೇ ಇನ್ನೊಂದು ಗಂಟು ಇದೆ. ಸ್ಪ್ಲಿಟ್‌ಗೂ ಡುಬ್ರೋವ್ನಿಕ್‌ಗೂ ಮಧ್ಯೆ ಬೋಸ್ನಿಯಾ ಒಂದು ಸಣ್ಣ ತುಂಡಾಗಿ ಸಮುದ್ರಕ್ಕೆ ಬಂದು ಮುಟ್ಟುತ್ತೆ, ನೇವುಮ್ ಅನ್ನೋ ಊರು. 1699ರಲ್ಲಿ ಡುಬ್ರೋವ್ನಿಕ್ ಗಣರಾಜ್ಯದವರು ವೆನಿಸ್‌ನೋರ ಕಾಟ ತಪ್ಪಿಸ್ಕೊಳ್ಳೋಕೆ ಮಧ್ಯೆ ತುರ್ಕರು ಇರ್ಲಿ ಅಂತ ಬಿಟ್ಕೊಟ್ಟ ಜಾಗ ಅದು, ಮುನ್ನೂರು ವರ್ಷ ಆದ್ಮೇಲೂ ಬೆಂಗಳೂರಿನವರ ವೀಸಾಗೆ ಕಾಟ ಕೊಡ್ತಿದೆ ನೋಡಿ. ಪುಣ್ಯಕ್ಕೆ 2022ರ ಜುಲೈನಲ್ಲಿ ಪೆಲ್ಯೆಶಾತ್ಸ್ ಸೇತುವೆ ಓಪನ್ ಆಯ್ತು, 2.4 ಕಿಮೀ ಉದ್ದ, ಟೋಲ್ ಇಲ್ಲ, ನೇವುಮ್ ಮುಟ್ಟದೆ ಸಮುದ್ರದ ಮೇಲಿಂದ ಪೆಲ್ಯೆಶಾತ್ಸ್ ಪರ್ಯಾಯದ್ವೀಪಕ್ಕೆ ಹೋಗಿ ಅಲ್ಲಿಂದ ಡುಬ್ರೋವ್ನಿಕ್ ಸೇರ್ಬಹುದು. ಆದ್ರೆ ಹಳೇ ರಸ್ತೆ ಇನ್ನೂ ಹಾಗೇ ಇದೆ, ಮ್ಯಾಪ್ ಕೆಲವು ಸಲ ಅದನ್ನೂ ತೋರಿಸುತ್ತೆ. ಪ್ಲೋಚೆ, ಒಪುಜೆನ್ ದಾಟಿದ ಮೇಲೆ ಸೇತುವೆ ಬೋರ್ಡ್ ನೋಡ್ಕೊಂಡು ತಿರುಗಿ, ಕ್ಲೆಕ್ ಅನ್ನೋ ಹಳ್ಳಿ ಬೋರ್ಡ್ ಕಂಡ್ರೆ ನೀವು ತಪ್ಪು ದಾರೀಲಿ ಬಾರ್ಡರ್ ಹತ್ರ ಹೋಗ್ತಿದ್ದೀರಿ ಅಂತ ಅರ್ಥ, ಅಲ್ಲೇ ವಾಪಸ್ ತಿರುಗಿ.

ಈಗ ಕಾರು. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ, ಹತ್ತು ದಿನಾನೂ ಕಾರ್ ಇಟ್ಕೋಬೇಡಿ. ಸ್ಪ್ಲಿಟ್ ಹಳೇ ಊರು ಅಂದ್ರೆ ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್ ಸುಮಾರು 305ನೇ ಇಸವಿ ಹೊತ್ತಿಗೆ ಕಟ್ಟಿಸಿದ ಅರಮನೆ, ಅದರ ಗೋಡೆ ಒಳಗೇ ಜನ ಈಗಲೂ ಮನೆ ಮಾಡ್ಕೊಂಡಿದ್ದಾರೆ, ಬಟ್ಟೆ ಒಣಗಾಕಿರ್ತಾರೆ, ಕೆಳಗೆ ಕಾಫಿ ಅಂಗಡಿ. ಅಲ್ಲಿ ಕಾರ್ ಎಲ್ಲಿಂದ ಹೋಗ್ಬೇಕು. ಡುಬ್ರೋವ್ನಿಕ್ ಹಳೇ ಊರೂ ಅಷ್ಟೇ, ಕಾರ್ ಒಳಗೆ ಬಿಡಲ್ಲ, ಹೊರಗಡೆ ಪಾರ್ಕಿಂಗ್‌ಗೆ ಗಂಟೆ ಲೆಕ್ಕದಲ್ಲಿ ಸುಲೀತಾರೆ. ಈ ಎರಡು ಊರಲ್ಲಿ ಕಾರ್ ಇದ್ರೆ ಬಾಡಿಗೆ ದಂಡ, ಪಾರ್ಕಿಂಗ್ ದಂಡ, ಜೊತೆಗೆ ದಿನಾ ಸಂಜೆ ಜಾಗ ಹುಡುಕೋ ಜಗಳ. ಅದಕ್ಕೆ ಸ್ಪ್ಲಿಟ್‌ನಲ್ಲಿ ಎರಡು ರಾತ್ರಿ ಕಾರಿಲ್ಲದೆ ಇರಿ, ಊರು ಬಿಡೋ ದಿನ ಬೆಳಿಗ್ಗೆ ಕಾರ್ ತಗೊಳ್ಳಿ, ಡುಬ್ರೋವ್ನಿಕ್ ಮುಟ್ಟಿದ ದಿನಾನೇ ವಾಪಸ್ ಕೊಟ್ಬಿಡಿ. ಬೇರೆ ಊರಲ್ಲಿ ಬಿಡೋಕೆ ಒನ್ ವೇ ಚಾರ್ಜ್ ಹಾಕ್ತಾರೆ, ಹಾಕ್ಲಿ, ನಾಲ್ಕು ದಿನದ ಬಾಡಿಗೆ ಮತ್ತೆ ಪಾರ್ಕಿಂಗ್ ಉಳಿಯೋದನ್ನ ಪಕ್ಕದಲ್ಲಿಟ್ಟು ಲೆಕ್ಕ ಹಾಕಿ. ಸ್ಪ್ಲಿಟ್ ಏರ್‌ಪೋರ್ಟ್ ಊರಿಂದ ದೂರ, ತ್ರೋಗಿರ್ ಪಕ್ಕ ಇದೆ, ಹಾಗಾಗಿ ಪೋರ್ಟ್ ಹತ್ರ ಇರೋ ಆಫೀಸ್‌ನಲ್ಲಿ ಪಿಕಪ್ ಇಟ್ಕೊಳ್ಳಿ. ಡುಬ್ರೋವ್ನಿಕ್‌ನಲ್ಲಿ ಗ್ರೂಜ್ ಬಂದರಿನ ಹತ್ರ ಬಿಟ್ರೆ ಅಲ್ಲಿಂದ ಸಿಟಿ ಬಸ್ಸಲ್ಲಿ ಹಳೇ ಊರಿನ ಪಿಲೆ ಬಾಗಿಲಿಗೆ ಹೋಗ್ಬಹುದು.

ಬುಕಿಂಗ್ ಫ್ರೆಂಡ್ ಹೆಸರಲ್ಲಿ ಆಗ್ಲಿ. ಜರ್ಮನ್ ಲೈಸೆನ್ಸ್, ಜರ್ಮನ್ ಕ್ರೆಡಿಟ್ ಕಾರ್ಡ್ ಇರೋನೇ ಮೇನ್ ಡ್ರೈವರ್ ಆದ್ರೆ ಕೌಂಟರ್‌ನಲ್ಲಿ ಅರ್ಧ ಪ್ರಶ್ನೆ ಕಮ್ಮಿ. ಡೆಪಾಸಿಟ್ ಬ್ಲಾಕ್ ಆಗೋದು ಮೇನ್ ಡ್ರೈವರ್ ಹೆಸರಿನ ಕ್ರೆಡಿಟ್ ಕಾರ್ಡ್ ಮೇಲೆ, ಫಾರೆಕ್ಸ್ ಕಾರ್ಡ್, ಡೆಬಿಟ್ ಕಾರ್ಡ್ ಅಂದ್ರೆ ತುಂಬಾ ಕಡೆ ಒಪ್ಪಲ್ಲ. ನೀವೂ ಓಡಿಸೋ ಹಾಗಿದ್ರೆ ಎರಡನೇ ಡ್ರೈವರ್ ಅಂತ ಹೆಸರು ಸೇರಿಸ್ಬೇಕು, ದಿನಕ್ಕಿಷ್ಟು ಅಂತ ಚಾರ್ಜ್ ಇರುತ್ತೆ, ಉಳಿಸೋಣ ಅಂತ ಸೇರಿಸದೆ ಸ್ಟಿಯರಿಂಗ್ ಹಿಡಿದು ಏನಾದ್ರೂ ತಾಗಿಸಿದ್ರೆ ಇನ್ಶೂರೆನ್ಸ್ ಕೈ ಎತ್ತುತ್ತೆ. ನಿಮ್ಮ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್‌ಗೆ ಪರಿವಾಹನ್ ಸೈಟಲ್ಲಿ ಅರ್ಜಿ ಹಾಕಿ, ಫೀಸ್ ಸಾವಿರ ರೂಪಾಯಿ, ಒಂದು ವರ್ಷ ನಡೆಯುತ್ತೆ, ಆದ್ರೆ ಅದೊಂದೇ ಸಾಲಲ್ಲ, ಒರಿಜಿನಲ್ ಲೈಸೆನ್ಸ್ ಜೊತೆಗಿರ್ಲೇಬೇಕು. ಹಾಗೇ ನಿಮ್ಮ ಕಾರ್ಡ್‌ನ ಇಂಟರ್‌ನ್ಯಾಷನಲ್ ಯೂಸೇಜ್ ಆ್ಯಪ್‌ನಲ್ಲಿ ಆನ್ ಮಾಡ್ಕೊಂಡೇ ಹೊರಡಿ, ಅಲ್ಲಿ ಮಷೀನ್ ಮುಂದೆ ನಿಂತು ಓಟಿಪಿಗೆ ಕಾಯೋ ಪಾಡು ಬೇಡ.

ಇನ್ಶೂರೆನ್ಸ್ ಬಗ್ಗೆ ಒಂದೇ ಮಾತು. ಬೇಸಿಕ್ ಕವರ್‌ನಲ್ಲಿ ಸಾಮಾನ್ಯವಾಗಿ ಟೈರ್, ರಿಮ್, ಗಾಜು, ಕಾರಿನ ತಳ ಬರಲ್ಲ, ಆ ಕರಾವಳೀಲಿ ಡ್ಯಾಮೇಜ್ ಆಗೋದೇ ಅವು ನಾಲ್ಕು. ಫುಲ್ ಕವರ್ ತಗೊಳ್ಳಿ, ಅಥವಾ ಫ್ರೆಂಡ್ ಜರ್ಮನಿಯಲ್ಲೇ ಬೇರೆ ಎಕ್ಸೆಸ್ ಪಾಲಿಸಿ (ಡ್ಯಾಮೇಜ್ ಆದಾಗ ನಿಮ್ಮ ಕೈಯಿಂದ ಹೋಗೋ ಪಾಲನ್ನ ವಾಪಸ್ ಕೊಡೋದು) ಕೊಂಡ್ಕೊಳ್ಳಲಿ, ಅದು ಅಗ್ಗ ಬೀಳುತ್ತೆ. ಮತ್ತೆ ಎರಡು ಪರ್ಮಿಶನ್ ಬರೆಸ್ಕೊಳ್ಳಿ, ಫೆರಿ ಹತ್ತಿಸೋಕೆ, ದೇಶದ ಗಡಿ ದಾಟೋಕೆ. ಬಾಯಿ ಮಾತಲ್ಲಿ 'ನೋ ಪ್ರಾಬ್ಲಮ್' ಅಂದ್ರೆ ಒಪ್ಕೋಬೇಡಿ, ಅಗ್ರಿಮೆಂಟ್‌ನಲ್ಲಿ ಇರ್ಬೇಕು. ಕಾರ್ ತಗೊಳ್ಳೋವಾಗ ನಾಲ್ಕೂ ರಿಮ್ ಹತ್ರದಿಂದ ವಿಡಿಯೋ ಮಾಡಿ, ಬಂಪರ್ ಕೆಳಗೂ ಬಗ್ಗಿ ನೋಡಿ.

ಇನ್ನು ನೀವು ಓಡಿಸೋದು. ಭಯ ಬೇಡ ಆದ್ರೆ ಆಟೋಮ್ಯಾಟಿಕ್ ಬುಕ್ ಮಾಡಿ, ಅಲ್ಲಿ ಮ್ಯಾನುಯಲ್‌ಗಳೇ ಜಾಸ್ತಿ, ಆಟೋಮ್ಯಾಟಿಕ್ ಬೇಗ ಖಾಲಿ ಆಗುತ್ತೆ. ನಮ್ಮೋರು ಎಡವೋದು ಎಲ್ಲಿ ಗೊತ್ತಾ, ಎದುರುಗಡೆ ಲೇನ್‌ಗೆ ನುಗ್ಗೋದ್ರಲ್ಲಲ್ಲ, ಅದಕ್ಕೆ ಎಲ್ರೂ ಎಚ್ಚರವಾಗೇ ಇರ್ತಾರೆ. ನಾವು ಹುಟ್ಟಿದಾಗಿಂದ ಕಾರಿನ ಬಲ ಸೀಟಲ್ಲಿ ಕೂತು ಓಡಿಸಿದೋರು, ಬಲಕ್ಕೆ ಕಾರ್ ಮುಗೀತು ಅಂತ ಮೈಗೆ ಅಭ್ಯಾಸ ಆಗ್ಬಿಟ್ಟಿರುತ್ತೆ, ಎಡ ಸೀಟಲ್ಲಿ ಕೂತಾಗ ಬಲಗಡೆ ಇನ್ನೂ ಒಂದು ಸೀಟಿನಷ್ಟು ಕಾರ್ ಇದೆ ಅನ್ನೋದು ಮರ್ತು ಹೋಗಿ ಕಾರು ಮೆಲ್ಲಗೆ ಬಲ ಅಂಚಿಗೆ ಸರೀತಾ ಹೋಗುತ್ತೆ, ಕಲ್ಲಿನ ಕಟ್ಟೆಗೆ ರಿಮ್ ಉಜ್ಜುತ್ತೆ, ಪಕ್ಕದಲ್ಲಿ ಕೂತೋನ ಜೀವ ಬಾಯಿಗೆ ಬರುತ್ತೆ. ಪಕ್ಕದಲ್ಲಿರೋನು 'ಎಡಕ್ಕೆ ಬಾ' ಅಂತ ಹೇಳ್ತಾನೇ ಇರ್ಲಿ, ಬೇಜಾರು ಮಾಡ್ಕೋಬೇಡಿ. ಇಂಡಿಕೇಟರ್ ಹಾಕೋಕೆ ಹೋಗಿ ವೈಪರ್ ಹಾಕೋದಂತೂ ಗ್ಯಾರಂಟಿ, ಕಡ್ಡಿ ಎರಡೂ ಅದಲು ಬದಲು. ಸರ್ಕಲ್ ಸುತ್ತೋದು ನಮ್ಮ ಉಲ್ಟಾ, ಒಳಗಿರೋರು ನಿಮ್ಮ ಎಡದಿಂದ ಬರ್ತಾರೆ, ಅವರಿಗೆ ದಾರಿ ಬಿಡಿ. ಸ್ಪೀಡ್ ಮಿತಿ ಗಂಟೆಗೆ ಊರೊಳಗೆ 50 ಕಿಮೀ, ಹೊರಗೆ 90, ಮೋಟರ್‌ವೇಯಲ್ಲಿ 130. ಕುಡಿತದ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ ಆಲ್ಕೋಹಾಲ್, ಆದ್ರೆ ಆ ದಿನ ಓಡಿಸೋನು ಮುಟ್ಟದೇ ಇರೋದೇ ಸರಿ. ರಸ್ತೇಲಿ ಕಾರ್ ಕೈ ಕೊಟ್ರೆ 1987, ಬೇರೆ ಎಮರ್ಜೆನ್ಸಿ ಆದ್ರೆ 112.

ಸ್ಪ್ಲಿಟ್‌ನಿಂದ ದಕ್ಷಿಣಕ್ಕೆ ಹೋಗೋ ನಿಮ್ಮ ದಿಕ್ಕೂ ಸರಿಯಾಗಿದೆ, ಬದಲಾಯಿಸ್ಬೇಡಿ. ಬಲಗಡೆ ಓಡಿಸೋ ದೇಶದಲ್ಲಿ ದಕ್ಷಿಣಕ್ಕೆ ಹೋದ್ರೆ ನಿಮ್ಮ ಲೇನೇ ಸಮುದ್ರದ ಪಕ್ಕ, ವ್ಯೂ ಪಾಯಿಂಟ್ ಕಂಡ್ರೆ ಹಾಗೇ ಬಲಕ್ಕೆ ಎಳೆದು ನಿಲ್ಲಿಸ್ಬಹುದು. ಡುಬ್ರೋವ್ನಿಕ್‌ನಿಂದ ಮೇಲಕ್ಕೆ ಬಂದ್ರೆ ಪ್ರತಿ ಸಲ ಎದುರು ಲೇನ್ ದಾಟ್ಬೇಕು.

ಒಟ್ಟು ದೂರ ಸುಮಾರು 230 ಕಿಮೀ, ಇಲ್ಲಿಂದ ಹಾಸನದ ಆಚೆಗೆ ಹೋದಷ್ಟು, ಅದನ್ನ ನೋಡಿ ಒಂದೇ ದಿನದಲ್ಲಿ ಮುಗ್ಸಿ ಉಳಿದಿದ್ದಕ್ಕೆ ಮೋಸ್ತಾರ್, ಕೋಟೋರ್, ಜಾದರ್ ಎಲ್ಲಾ ತುರುಕೋಣ ಅನ್ಸುತ್ತೆ. ಬೇಡ. ನಾನಾದ್ರೆ ಹೀಗೆ ಮಾಡ್ತೀನಿ. ಸ್ಪ್ಲಿಟ್ ಎರಡು ರಾತ್ರಿ ಆದ್ಮೇಲೆ ಕಾರ್ ತಗೊಂಡು ನೇರ ಫೆರಿ ಹತ್ತಿ, ಹ್ವಾರ್ ದ್ವೀಪದ ಸ್ತಾರಿ ಗ್ರಾದ್‌ಗೆ, ಎರಡು ಗಂಟೆ ಪ್ರಯಾಣ. ಇಲ್ಲಿ ಒಂದು ಸೂಕ್ಷ್ಮ ಇದೆ, ಕಾರಿನ ಟಿಕೆಟ್ ಆನ್‌ಲೈನ್‌ನಲ್ಲಿ ತಗೊಂಡ ಮಾತ್ರಕ್ಕೆ ಅದೇ ಹಡಗಲ್ಲಿ ಜಾಗ ಗ್ಯಾರಂಟಿ ಅಂತಲ್ಲ, ಲೈನ್‌ನಲ್ಲಿ ಯಾರು ಮೊದಲು ನಿಂತಿರ್ತಾರೋ ಅವರು ಹತ್ತುತ್ತಾರೆ. ಬೇಸಿಗೆ ರಶ್ ಸೆಪ್ಟೆಂಬರ್‌ಗೆ ಇಳಿದಿರುತ್ತೆ, ಆದ್ರೂ ಒಂದೂವರೆ ಗಂಟೆ ಮುಂಚೆ ಲೈನಲ್ಲಿರಿ. ಒಬ್ಬರು ಕಾರಲ್ಲಿ ಕೂತಿದ್ರೆ ಇನ್ನೊಬ್ಬರು ಹೋಗಿ ಬೇಕರಿಯಿಂದ ತಿಂಡಿ ತರ್ಬಹುದು, ಇಬ್ಬರೂ ಕಾರ್ ಬಿಟ್ಟು ಹೋಗ್ಬೇಡಿ, ಲೈನ್ ಯಾವಾಗ ಮುಂದೆ ಹೋಗುತ್ತೆ ಹೇಳಕ್ಕಾಗಲ್ಲ.

ಸ್ತಾರಿ ಗ್ರಾದ್ ಪಕ್ಕದ ಬಯಲು ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಗ್ರೀಕರು ಅಳೆದು ಹಂಚಿದ ಹೊಲಗಳು, ಅದೇ ಕಲ್ಲಿನ ಗಡಿ ಒಳಗೆ ಇವತ್ತೂ ದ್ರಾಕ್ಷಿ, ಆಲಿವ್ ಬೆಳೀತಾರೆ, 2008ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಹ್ವಾರ್ ಟೌನ್‌ನಲ್ಲಿ ಪಾರ್ಟಿ ಜನ ಜಾಸ್ತಿ, ರೇಟೂ ಜಾಸ್ತಿ, ನೀವು ಸ್ತಾರಿ ಗ್ರಾದ್‌ನಲ್ಲೇ ರೂಮ್ ಮಾಡಿ. ಲ್ಯಾವೆಂಡರ್ ಹೂವಿನ ಫೋಟೋ ನೋಡಿ ಆಸೆ ಇಟ್ಕೊಂಡಿದ್ರೆ ಅದು ಜೂನ್-ಜುಲೈಗೆ, ನಿಮಗೆ ಸಿಗಲ್ಲ. ಎರಡು ರಾತ್ರಿ ಆದ್ಮೇಲೆ ವಾಪಸ್ ಸ್ಪ್ಲಿಟ್‌ಗೆ ಬರ್ಬೇಡಿ, ದ್ವೀಪದ ಪೂರ್ವ ತುದಿ ಸುಚುರಾಯ್ ತನಕ ಓಡಿಸಿ, ರಸ್ತೆ ಕಿರಿದು, ತಿರುವು ಜಾಸ್ತಿ, ಒಂದೂವರೆ ಗಂಟೆ ಬೇಕು, ಯೆಲ್ಸಾ ದಾಟೋ ಮುಂಚೆ ಪೆಟ್ರೋಲ್ ನೋಡ್ಕೊಳ್ಳಿ. ಸುಚುರಾಯ್‌ನಿಂದ ಡ್ರ್ವೆನಿಕ್‌ಗೆ ಅರ್ಧ ಗಂಟೆಯ ಸಣ್ಣ ಫೆರಿ, ಇಳಿದ್ರೆ ಮಕಾರ್ಸ್ಕಾ ಕರಾವಳಿ. ಈ ಒಂದು ತಿರುವಿಂದ ನಿಮ್ಮ ಇಡೀ ಟ್ರಿಪ್ ಬಂದ ದಾರೀಲೇ ವಾಪಸ್ ಹೋಗದೆ ಸರಾಗವಾಗಿ ಮುಂದಕ್ಕೆ ಹರಿಯುತ್ತೆ.

ಮಕಾರ್ಸ್ಕಾ ಅಥವಾ ಬ್ರೆಲಾದಲ್ಲಿ ಎರಡು ರಾತ್ರಿ. ಇಲ್ಲಿ ಬಿಯೊಕೊವೊ ಬೆಟ್ಟ ಸಮುದ್ರದ ಅಂಚಿಂದಲೇ ಎದ್ದು ನಿಲ್ಲುತ್ತೆ, ತುದಿ 1,762 ಮೀಟರ್. ಅರ್ಧ ದಾರೀಲಿ 1,228 ಮೀಟರ್ ಎತ್ತರದಲ್ಲಿ ಗಾಜಿನ ಸ್ಕೈವಾಕ್ ಇದೆ, ಟಿಕೆಟ್ ಟೈಮ್ ಸ್ಲಾಟ್ ಪ್ರಕಾರ ಆನ್‌ಲೈನ್‌ನಲ್ಲಿ. ಆದ್ರೆ ಆ ರಸ್ತೆ ಒಂದೇ ಕಾರ್ ಹೋಗೋವಷ್ಟು ಅಗಲ, ಎದುರಿಗೆ ಬಂದ್ರೆ ರಿವರ್ಸ್ ಹೋಗ್ಬೇಕು, ಅಲ್ಲಿ ಮಾತ್ರ ಸ್ಟಿಯರಿಂಗ್ ಫ್ರೆಂಡ್‌ಗೆ ಕೊಡಿ. ನೀವು ಓಡಿಸೋಕೆ ಚೆನ್ನಾಗಿರೋದು ಮಕಾರ್ಸ್ಕಾದಿಂದ ಗ್ರಾದಾತ್ಸ್ ಕಡೆಯ ಸಮುದ್ರದಂಚಿನ ಹೆದ್ದಾರಿ, ಬೆಳಿಗ್ಗೆ ಎಂಟರೊಳಗೆ ಟ್ರಾಫಿಕ್ ಇರಲ್ಲ. ಹಿಂದೆ ಲೋಕಲ್ ಕಾರ್ ಬಂದು ಬಾಲಕ್ಕೆ ಅಂಟ್ಕೊಂಡ್ರೆ ಗಾಬರಿಯಾಗಿ ಸ್ಪೀಡ್ ಜಾಸ್ತಿ ಮಾಡ್ಬೇಡಿ, ಜಾಗ ಸಿಕ್ಕ ಕಡೆ ಬಲಕ್ಕೆ ನಿಲ್ಲಿಸಿ ಮುಂದೆ ಬಿಡಿ. ಬೀಚುಗಳೆಲ್ಲ ಬೆಣಚು ಕಲ್ಲು, ಮರಳಲ್ಲ, ಕಾಲಿಗೆ ರಬ್ಬರ್ ಶೂ ಬೇಕು, ಮುಳ್ಳಿನ ಕಡಲ ಪ್ರಾಣಿ ತುಳಿದ್ರೆ ಎರಡು ದಿನ ಕುಂಟ್ತೀರಿ.

ಆಮೇಲೆ ನೆರೆಟ್ವಾ ನದಿ ಮುಖಜ ಭೂಮಿ ದಾಟಿ ಸೇತುವೆ ಹತ್ತಿ ಪೆಲ್ಯೆಶಾತ್ಸ್, ಇಲ್ಲಿ ಎರಡು ರಾತ್ರಿ. ಸ್ತೋನ್‌ನಲ್ಲಿ 14ನೇ ಶತಮಾನದಲ್ಲಿ ಶುರುವಾದ ಕೋಟೆ ಗೋಡೆ ಐದು ಕಿಮೀ ಮೇಲಿದೆ, ಅದು ಕಟ್ಟಿದ್ದೇ ಮುಖ್ಯವಾಗಿ ಅಲ್ಲಿನ ಉಪ್ಪಿನ ಗದ್ದೆ ಕಾಯೋಕೆ, ಉಪ್ಪು ಈಗಲೂ ತೆಗೀತಾರೆ. ಪಕ್ಕದ ಮಾಲಿ ಸ್ತೋನ್ ಸಿಂಪಿಗೆ ಹೆಸರುವಾಸಿ, ನಿಮ್ಮ ಫ್ರೆಂಡ್‌ಗೆ ಹಬ್ಬ. ಒರೆಬಿಚ್‌ನಲ್ಲಿ ಕಾರ್ ಬಿಟ್ಟು ಬೋಟಲ್ಲಿ ಎದುರಿನ ಕೊರ್ಚುಲಾ ದ್ವೀಪಕ್ಕೆ ಹೋಗಿ ಬನ್ನಿ, ಕಾರ್ ಸಮೇತ ಹೋಗೋದು ಬೇಡ. ಕೊನೇಗೆ ಡುಬ್ರೋವ್ನಿಕ್ ಎರಡು ರಾತ್ರಿ, ಗ್ರೂಜ್ ಅಥವಾ ಲಾಪಾದ್‌ನಲ್ಲಿ ರೂಮ್ ಮಾಡಿ, ಹಳೇ ಊರಲ್ಲಿ ಬಾಡಿಗೆನೂ ಜಾಸ್ತಿ, ಸೂಟ್‌ಕೇಸ್ ಎತ್ಕೊಂಡು ಮೆಟ್ಟಿಲು ಹತ್ತೋದೂ ಜಾಸ್ತಿ. ಕೋಟೆ ಗೋಡೆ ಸುತ್ತು ಸುಮಾರು ಎರಡು ಕಿಮೀ, ಟಿಕೆಟ್ ದುಬಾರಿ, ಆದ್ರೆ ಅದಕ್ಕೂ ಡುಬ್ರೋವ್ನಿಕ್ ಪಾಸ್‌ಗೂ ಬೆಲೆ ಹೆಚ್ಚುಕಮ್ಮಿ ಒಂದೇ, ಪಾಸ್‌ನಲ್ಲಿ ಗೋಡೆ ಜೊತೆಗೆ ಬಸ್ಸೂ ಮ್ಯೂಸಿಯಮ್ಮೂ ಬರುತ್ತೆ, ಪಾಸೇ ತಗೊಳ್ಳಿ.

ಕೋಟೋರ್‌ಗೆ ಮಲ್ಟಿಪಲ್ ಎಂಟ್ರಿ ಸಿಕ್ಕಿದ್ರೆ ಡುಬ್ರೋವ್ನಿಕ್‌ನಲ್ಲಿ ಒಂದು ದಿನ ಜಾಸ್ತಿ ಇಟ್ಟು ಬಸ್ ಟೂರ್‌ನಲ್ಲಿ ಹೋಗಿ ಬನ್ನಿ, ಬಾರ್ಡರ್ ಕ್ಯೂ ತಲೆನೋವು ಡ್ರೈವರ್‌ಗೆ ಬಿಡಿ. ಮೋಸ್ತಾರ್ ಕೈ ಬಿಡಿ. 1566ರ ಸೇತುವೆ, 1993ರ ಯುದ್ಧದಲ್ಲಿ ಬಿದ್ದು 2004ರಲ್ಲಿ ಮತ್ತೆ ಕಟ್ಟಿದ್ದು, ನೋಡ್ಬೇಕಾದ ಜಾಗನೇ, ಆದ್ರೆ ಈ ಹತ್ತು ದಿನದಲ್ಲಿ ತುರುಕಿದ್ರೆ ಅರ್ಧ ದಿನ ಬಾರ್ಡರ್‌ಗೆ ಹೋಗುತ್ತೆ, ಇನ್ನೊಂದು ಸಲ ಸರಾಯೆವೋ ಜೊತೆ ಸೇರಿಸಿ ಹೋಗಿ.

ಊಟಕ್ಕೆ ನೀವು ಹೆದರಿದಷ್ಟೇನಿಲ್ಲ. ಬ್ಲಿತ್ವಾ ಅಂತ ಸೊಪ್ಪು ಆಲೂಗಡ್ಡೆ ಬೆಳ್ಳುಳ್ಳಿ ಹಾಕಿ ಆಲಿವ್ ಎಣ್ಣೇಲಿ ಬಾಡಿಸಿರ್ತಾರೆ, ಮೀನಿನ ಪಕ್ಕಕ್ಕೆ ಅಂತ ಕೊಡೋದು, ಅದನ್ನೇ ದೊಡ್ಡ ಪ್ಲೇಟ್ ಕೇಳಿ. ಸ್ಪ್ಲಿಟ್, ಓಮಿಶ್ ಕಡೆ ಸೋಪಾರ್ನಿಕ್ ಅಂತ ಸೊಪ್ಪು ತುಂಬಿದ ತೆಳು ರೊಟ್ಟಿ ಸಿಗುತ್ತೆ, ಹೋಳಿಗೆ ಥರ ಎರಡು ಹಾಳೆ ಮಧ್ಯೆ ಹೂರಣ, ಮೇಲೆ ಬೆಳ್ಳುಳ್ಳಿ ಎಣ್ಣೆ, ಸ್ಪ್ಲಿಟ್ ಮಾರ್ಕೆಟ್‌ನಲ್ಲಿ ಅಜ್ಜಿಯರು ಮಾರ್ತಾರೆ, ಖಂಡಿತ ತಿನ್ನಿ. ಬೇಕರೀಲಿ ಬುರೆಕ್ ತಗೊಳ್ಳೋವಾಗ 'ಸಿರ್' ಅಂತ ಕೇಳಿ, ಚೀಸ್ ಇರೋದು, ಬರೀ ಬುರೆಕ್ ಅಂದ್ರೆ ಮಾಂಸದ್ದು ಕೊಟ್ಬಿಡ್ತಾರೆ. ಕಪ್ಪು ರಿಸೊಟ್ಟೊ ಅಣಬೆದಲ್ಲ, ಕಡಲ ಪ್ರಾಣಿಯ ಮಸಿಯದ್ದು. ಹೋಟೆಲ್ ಬದಲು ಅಡಿಗೆಮನೆ ಇರೋ ಅಪಾರ್ಟ್‌ಮೆಂಟ್ ಮಾಡಿ, ರಾತ್ರಿ ಅನ್ನ ಸಾರು ಆಗೋಗುತ್ತೆ. ಭಾನುವಾರಕ್ಕೆ ಶನಿವಾರವೇ ತರಕಾರಿ ತಂದಿಟ್ಕೊಳ್ಳಿ, 2023ರ ಕಾನೂನಿನ ಪ್ರಕಾರ ಅಂಗಡಿಗಳು ವರ್ಷಕ್ಕೆ 16 ಭಾನುವಾರ ಮಾತ್ರ ತೆಗೀಬಹುದು. ಬುಕ್ ಮಾಡೋವಾಗ ಮನೆ ಮುಂದೇನೇ ಪಾರ್ಕಿಂಗ್ ಇದೆಯಾ ಅಂತ ಮೆಸೇಜ್ ಹಾಕಿ ಬರಹದಲ್ಲಿ ತಗೊಳ್ಳಿ, ಫಿಲ್ಟರ್ ನಂಬ್ಬೇಡಿ. ಎಟಿಎಂನಲ್ಲಿ 'ರೂಪಾಯಿಯಲ್ಲಿ ಕಟ್ ಮಾಡ್ಲಾ' ಅಂತ ಕೇಳಿದ್ರೆ ಬೇಡ ಅನ್ನಿ, ಯೂರೋ ಒತ್ತಿ.

ಗಾಳಿ ಬಗ್ಗೆನೂ ಗೊತ್ತಿರ್ಲಿ. ಬೆಟ್ಟದ ಕಡೆಯಿಂದ ಬೀಸೋ ಬೂರಾ ಜೋರಾದ್ರೆ ಕೆಲವು ಸೇತುವೆ, ರಸ್ತೆ ಮುಚ್ತಾರೆ, ಸಮುದ್ರದ ಕಡೆಯಿಂದ ಬರೋ ಯೂಗೊಗೆ ಬೋಟ್ ಕ್ಯಾನ್ಸಲ್ ಆಗುತ್ತೆ. ಹಾಗಾಗಿ ಹ್ವಾರ್‌ನಿಂದ ಹೊರಡೋ ದಿನ ಮಕಾರ್ಸ್ಕಾದಲ್ಲಿ ಏನೂ ಟಿಕೆಟ್ ಬುಕ್ ಮಾಡಿಡ್ಬೇಡಿ, ಬಿಯೊಕೊವೊ ಸ್ಲಾಟ್ ಮರುದಿನಕ್ಕಿರ್ಲಿ.

ಇಬ್ಬರೇ ಹೋಗೋ ಟ್ರಿಪ್‌ನಲ್ಲಿ ದುಡ್ಡಿನ ಮಾತು ಮೊದಲೇ ಆಡಿ. ಅವನು ಯೂರೋದಲ್ಲಿ ಸಂಬಳ ತಗೊಳ್ಳೋನು, ನೀವು ರೂಪಾಯಿಯಲ್ಲಿ, ನೂರು ಯೂರೋ ಅವನಿಗೆ ಒಂಥರ ಕೇಳ್ಸುತ್ತೆ, ನಿಮಗೆ ಇನ್ನೊಂಥರ. ಕಾರು, ರೂಮು, ಪೆಟ್ರೋಲು ಸಮ ಪಾಲು, ಊಟ ಅವರವರದ್ದು, ಅಂತ ಹೊರಡೋ ಮುಂಚೆ ಫೋನಲ್ಲೇ ಮಾತಾಡ್ಕೊಂಡ್ರೆ ಮಾಲಿ ಸ್ತೋನ್‌ನಲ್ಲಿ ಅವನ ಸಿಂಪಿ ಬಿಲ್ಲು ನಿಮ್ಮ ಬ್ಲಿತ್ವಾ ಪಾಲಿಗೆ ಬೀಳಲ್ಲ. ಡ್ಯಾಮೇಜ್ ಆದ್ರೆ ಯಾರು ಕಟ್ಟೋದು ಅನ್ನೋದೂ ಸೇರಿ.

ಬುಕಿಂಗ್ ಕ್ರಮ ಹೀಗಿರ್ಲಿ: ಕ್ಯಾನ್ಸಲ್ ಮಾಡಬಹುದಾದ ರೂಮುಗಳು, ಅದನ್ನಿಟ್ಟು ವೀಸಾ, ಜೊತೆಗೇ ಕ್ಯಾನ್ಸಲ್ ಆಗೋ ರೇಟಲ್ಲಿ ಆಟೋಮ್ಯಾಟಿಕ್ ಕಾರು, ವೀಸಾ ಕೈಗೆ ಬಂದ್ಮೇಲೆ ಕೋಟೋರ್ ಇದೆಯೋ ಇಲ್ವೋ ನೋಡಿ ಡುಬ್ರೋವ್ನಿಕ್ ರಾತ್ರಿಗಳನ್ನ ಸರಿ ಮಾಡ್ಕೊಳ್ಳೋದು. ಫೆರಿ ಟೈಮ್‌ಟೇಬಲ್ ಸೀಸನ್‌ಗೆ ತಕ್ಕಂತೆ ಬದಲಾಗುತ್ತೆ, ಹಾಗಾಗಿ ನೀವು ಸೆಪ್ಟೆಂಬರ್ ಮೊದಲ ಅರ್ಧದಲ್ಲೇ ಹೋಗೋ ಹಾಗೆ ರಜೆ ಹಾಕ್ಕೊಳ್ಳಿ.